ನಿಮ್ಮ ಅಡುಗೆಮನೆಯಿಂದ ಮಾತಾಡ್ತಿದೀನಿ

ನನ್ನ ತಾಯಿಯ ತಂಗಿಯನ್ನು ನಮ್ಮ ಬಳಗದಲ್ಲಿ ಹೆಸರು ಹಿಡಿದು ಕರೆದವರು ಕಡಿಮೆ. ದೊಡ್ಡವರ ಬಾಯಲ್ಲಿ ಅವಳು ಪುಕ್ಕಲಿ, ನಮ್ಮ ಬಾಯಲ್ಲಿ ಚಿಕ್ಕಮ್ಮ. ಹೆದರಿಕೆ ಅವಳ ಜೊತೆಯಲ್ಲೇ ಹುಟ್ಟಿತ್ತು ಎಂದು ಅಜ್ಜಿ ಹೇಳುತ್ತಿದ್ದಳು. ಬೇರೆ ಮಕ್ಕಳು ಹುಟ್ಟುತ್ತಲೇ ಅಳುತ್ತವೆ, ಇವಳು ಮೊದಲು ಸುತ್ತಮುತ್ತ ನೋಡಿ ಆಮೇಲೆ ಅತ್ತಳಂತೆ. ತಿರುಗುವ ಫ್ಯಾನಿನ ನೇರ ಕೆಳಗೆ ಅವಳು ಇವತ್ತಿಗೂ ಮಲಗುವುದಿಲ್ಲ. ಬಸ್ಸಿನ ಬೋರ್ಡು ಓದಿ, ಕಂಡಕ್ಟರನ್ನು ಕೇಳಿ, ಹತ್ತಿದ ಮೇಲೆ ಪಕ್ಕದಲ್ಲಿ ಕೂತವರನ್ನು ಇನ್ನೊಮ್ಮೆ ಕೇಳುತ್ತಾಳೆ. ಅವಳು ಮಾತ್ರೆಯ ತಾರೀಕನ್ನು ಬೆಳಕಿಗೆ ಹಿಡಿದು ಓದಿ ಮುಗಿಸುವಷ್ಟರಲ್ಲಿ ತಲೆನೋವೇ ಬೇಸತ್ತು ಹೋಗುತ್ತದೆ ಎಂದು ಚಿಕ್ಕಪ್ಪ ನಗುತ್ತಿದ್ದ.

ಈ ಗುಣಕ್ಕೆ ಬೆಲೆ ಇದ್ದದ್ದು ಒಂದೇ ಕಡೆ, ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ. ಅಂಗಡಿಯ ಹಿಂದೆ, ಪರದೆಯ ಆಚೆ, ಒಬ್ಬರು ಕೂರುವಷ್ಟು ಜಾಗ. ಅಲ್ಲಿ ಕೂತು ಅವಳು ಗಾಜನ್ನು ಫ್ರೇಮಿನ ಅಳತೆಗೆ ಉಜ್ಜಿ ಕೂರಿಸುತ್ತಾಳೆ. ಕೂದಲೆಳೆಯಷ್ಟು ಹೆಚ್ಚಾದರೆ ಗಾಜು ಒಳಗೆ ಹೋಗದು, ಕೂದಲೆಳೆಯಷ್ಟು ಕಡಿಮೆಯಾದರೆ ಉದುರಿ ಬೀಳುತ್ತದೆ. ಹನ್ನೊಂದು ವರ್ಷದಲ್ಲಿ ಅವಳ ಕೈಯಲ್ಲಿ ಒಡೆದದ್ದು ಎರಡೇ ಗಾಜು. ‘ಹೆದರೋ ಕೈಗೆ ಗಾಜು ಕೊಡ್ಬೇಕು, ಧೈರ್ಯದ ಕೈಗೆ ಸುತ್ತಿಗೆ’ ಎನ್ನುವುದು ಅಂಗಡಿ ಯಜಮಾನರ ಮಾತು.

ಚಿಕ್ಕಪ್ಪ ಇದಕ್ಕೆ ತದ್ವಿರುದ್ಧ. ಶಾಲೆಯ ವ್ಯಾನು ಓಡಿಸುವವನು; ಬೆಳಗ್ಗೆ ಇಪ್ಪತ್ತೆರಡು ಮಕ್ಕಳ ಗಲಾಟೆಯನ್ನು ಕಿವಿಯಲ್ಲಿ ತುಂಬಿಕೊಂಡು ಬಂದರೂ ಸಂಜೆಯವರೆಗೆ ಸಿಳ್ಳೆ ಹಾಕಿಕೊಂಡು ಇರುವ ಆಸಾಮಿ. ‘ಏನೂ ಆಗಲ್ಲ ಕಣೇ’ ಎಂಬ ಮಾತನ್ನು ಅವನು ದಿನಕ್ಕೆ ಇಪ್ಪತ್ತು ಸಲವಾದರೂ ಹೇಳುತ್ತಿದ್ದ.

ಅವರ ಮನೆಯ ಅಡುಗೆಕೋಣೆ ಹಳೆಯದು. ಎರಡು ಇಟ್ಟಿಗೆ ಕಂಬದ ಮೇಲೆ ಒಂದು ಕಲ್ಲಿನ ಹಲಗೆ, ಗೋಡೆಗೆ ಹೊಡೆದ ಮರದ ಅಟ್ಟಣಿಗೆ, ಅಷ್ಟೇ. ಅಟ್ಟಣಿಗೆಯನ್ನು ಒಳಗಿಂದ ಗೆದ್ದಲು ತಿಂದು ಹಾಕಿದ್ದು ಯಾರಿಗೂ ಗೊತ್ತಿರಲಿಲ್ಲ. ಒಂದು ಬೆಳಗ್ಗೆ ಚಿಕ್ಕಮ್ಮ ಉಪ್ಪಿನ ಡಬ್ಬಿಗೆ ಬಗ್ಗಿದಾಗ, ಪಾತ್ರೆ ಪಡಗದ ಸಮೇತ ಅದು ಅವಳ ಬೆನ್ನ ಹಿಂದೆ ಕೆಳಗೆ ಬಂತು. ಒಂದು ಗೇಣು ಈಚೆ ಇದ್ದಿದ್ದರೆ ತಲೆಯ ಮೇಲೇ. ಅವಳು ಕಿರುಚಲೂ ಇಲ್ಲ. ಉಪ್ಪಿನ ಡಬ್ಬಿ ಹಿಡಿದು ನಡುಮನೆಗೆ ಬಂದು ಕೂತಳು, ಒಂದು ವಾರ ಆ ಕೋಣೆಗೆ ಕಾಲಿಡಲಿಲ್ಲ. ಸ್ಟೂಲಿನ ಮೇಲೆ ಒಲೆ ಇಟ್ಟು ನಡುಮನೆಯಲ್ಲೇ ಅನ್ನ ಬೇಯಿಸಿದಳು.

ಹೊಸ ಅಡುಗೆಮನೆ ಮಾಡಿಸೋಣವೆಂದು ಅಂಗಡಿಗೆ ಹೋದರು. ಅಲ್ಲಿಯವನು ಹೇಳಿದ ಬೆಲೆ ಕೇಳಿ ಚಿಕ್ಕಪ್ಪನ ಸಿಳ್ಳೆ ಮೊದಲ ಬಾರಿಗೆ ನಿಂತಿತು. ‘ಇಷ್ಟರಲ್ಲಿ ಅಡುಗೆಯವರನ್ನೇ ಇಟ್ಕೋಬಹುದಲ್ರೀ’ ಎಂದು ಹೇಳಿ ಈಚೆ ಬಂದ.

ಆಮೇಲೆ ಅವನು ಮೊಬೈಲಿನಲ್ಲಿ ಹಳೆಯ ಸಾಮಾನು ಮಾರುವವರನ್ನು ಹುಡುಕತೊಡಗಿದ. ಎರಡೇ ವಾರದಲ್ಲಿ ಒಂದು ಸಿಕ್ಕಿತು. ಮೇಲಿನ ಕಪಾಟು ಐದು, ಕೆಳಗಿನವು ಆರು, ಡ್ರಾಯರು, ಸ್ಟೀಲಿನ ಸಿಂಕು, ಹೊಗೆ ಎಳೆಯುವ ಚಿಮ್ನಿ, ಎಲ್ಲ ಸೇರಿ ಹೊಸದರ ಐದನೇ ಒಂದು ಭಾಗಕ್ಕೆ. ‘ಊರು ಬಿಡುತ್ತಿದ್ದೇವೆ, ಭಾನುವಾರದೊಳಗೆ ಬಿಚ್ಚಿಕೊಂಡು ಹೋಗಬೇಕು’ ಎಂದು ಬರೆದಿತ್ತು.

‘ಇಷ್ಟು ಕಮ್ಮಿಗೆ ಯಾಕೆ ಕೊಡ್ತಿದಾರೆ?’ ಎಂದಳು ಚಿಕ್ಕಮ್ಮ.

‘ಅವಸರ ಅಂತ ಬರ್ದಿದಾರಲ್ಲ.’

‘ಬೆಳ್ಳಗಿರೋದೆಲ್ಲ ಹಾಲಲ್ಲ ರೀ.’

‘ಏನೂ ಆಗಲ್ಲ ಕಣೇ. ನೋಡ್ಕೊಂಡು ಬರೋಣ, ನೋಡೋಕೇನು ದುಡ್ಡಾ?’

ಮನೆ ಒಂದು ಬೀದಿಯ ಕೊನೆಯಲ್ಲಿತ್ತು. ಬಾಗಿಲು ತೆರೆದವನಿಗೆ ಮೂವತ್ತೈದು ಇರಬಹುದು. ಇಸ್ತ್ರಿ ಮಾಡಿದ ಬಿಳಿ ಶರಟು, ತುಂಬ ವಿನಯ. ಚಿಕ್ಕಮ್ಮ ಕೂರುವ ಮೊದಲೇ ಕುರ್ಚಿ ಒರೆಸಿದ. ಅಡುಗೆಮನೆ ನಿಜಕ್ಕೂ ಚೆನ್ನಾಗಿತ್ತು: ತಿಳಿ ಹಸಿರು ಬಾಗಿಲುಗಳು, ಬೆರಳಲ್ಲಿ ಮುಟ್ಟಿದರೆ ಸರಿಯುವ ಡ್ರಾಯರುಗಳು. ಒಂದು ಬಾಗಿಲು ಮಾತ್ರ ಪಕ್ಕದ್ದಕ್ಕೆ ಚೂರು ಉಜ್ಜುತ್ತಿತ್ತು.

‘ಬಣ್ಣ ನನ್ನ ಹೆಂಡ್ತಿ ಆರಿಸಿದ್ದು’ ಎಂದ ಅವನು. ‘ಅವಳು ಮಕ್ಕಳನ್ನ ಕರ್ಕೊಂಡು ಮುಂದೆ ಹೋಗಿದಾಳೆ. ನಾನು ಸೋಮವಾರ ಹೊರಡ್ಬೇಕು. ಮನೆ ಮಾರಾಯ್ತು ಅಮ್ಮ, ಕೊಂಡವರು ಇದನ್ನೆಲ್ಲ ಒಡೆದು ಹಾಕ್ತಾರಂತೆ. ಹೊಟ್ಟೆ ಉರಿಯುತ್ತೆ.’

ಚಿಕ್ಕಮ್ಮ ಟೇಪು ತೆಗೆದು ಅಳೆಯತೊಡಗಿದಳು. ಅವಳ ಮನಸ್ಸನ್ನು ಏನೋ ಚುಚ್ಚುತ್ತಿತ್ತು, ಏನೆಂದು ಗೊತ್ತಾಗುತ್ತಿರಲಿಲ್ಲ. ಆಗ ಒಂದು ಕೆಲಸ ಮಾಡಿದಳು. ‘ಸಾರ್, ಈ ತುದಿ ಸ್ವಲ್ಪ ಹಿಡ್ಕೋತೀರಾ? ಅಳತೆ ಮರ್ತು ಹೋಗುತ್ತೆ, ಫೋಟೋ ತೆಗೀತೀನಿ’ ಎಂದಳು. ಅವನು ನಗುತ್ತ ಟೇಪಿನ ತುದಿ ಹಿಡಿದ. ಅವಳು ಕಪಾಟು, ಟೇಪು, ಬಿಳಿ ಶರಟು, ನಗು, ಎಲ್ಲವನ್ನೂ ಮೊಬೈಲಿಗೆ ತುಂಬಿಕೊಂಡಳು.

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಮೂವರು ಹೋದರು: ಚಿಕ್ಕಮ್ಮ, ಚಿಕ್ಕಪ್ಪ, ಮತ್ತು ಅವರ ಬೀದಿಯ ಬಡಗಿ. ಸಾಮಾನು ಒಯ್ಯಲು ಎರಡು ಗಂಟೆಗೆ ಬರುವಂತೆ ಒಂದು ಟೆಂಪೋದವನಿಗೆ ಹೇಳಿಟ್ಟಿದ್ದರು. ಬಿಳಿ ಶರಟಿನವನು ಬಿಚ್ಚುವ ಮೊದಲೇ ಪೂರ್ತಿ ಹಣ ಕೇಳಿದ. ಚಿಕ್ಕಮ್ಮ ಅರ್ಧ ಎಂದಳು. ಕೊನೆಗೆ ಮುಕ್ಕಾಲಿಗೆ ಒಪ್ಪಂದವಾಯಿತು. ಅವನು ನೋಟುಗಳನ್ನು ನೋಡದೆಯೇ ಜೇಬಿಗೆ ಇಳಿಸಿದ.

‘ಮೊದಲು ನೀರು ನಿಲ್ಲಿಸ್ಬೇಕು’ ಎಂದ ಬಡಗಿ. ‘ವಾಲ್ವ್ ಎಲ್ಲಿದೆ ಸಾರ್?’

ಬಿಳಿ ಶರಟಿನವನು ಸಿಂಕಿನ ಕೆಳಗೆ ಬಗ್ಗಿ ನೋಡಿದ. ಬಚ್ಚಲಿಗೆ ಹೋಗಿ ಬಂದ. ‘ಇಲ್ಲೇ ಎಲ್ಲೋ ಇರ್ಬೇಕು’ ಎಂದ. ‘ನೋಡ್ತಾ ಇರಿ, ನಾನು ಎಲ್ರಿಗೂ ಚಹಾ ತರ್ತೀನಿ.’

ಹೆಂಡತಿ ಮಕ್ಕಳ ಜೊತೆ ಸಂಸಾರ ಮಾಡಿದ ಮನೆಯಲ್ಲಿ ನೀರು ಎಲ್ಲಿ ನಿಲ್ಲುತ್ತದೆಂದು ಗೊತ್ತಿಲ್ಲವೇ? ಚಿಕ್ಕಮ್ಮ ಗಂಡನ ಮುಖ ನೋಡಿದಳು. ಅವನು ಸ್ಕ್ರೂ ಹಾಕಲು ಖಾಲಿ ಡಬ್ಬಿ ಹುಡುಕುತ್ತ ಸಿಳ್ಳೆ ಹಾಕುತ್ತಿದ್ದ. ಏನಾದರೂ ಅಂದರೆ ‘ಪುಕ್ಕಲಿ’ ಅನ್ನುತ್ತಾನೆ. ಕಪಾಟಿಗೆ ಸುತ್ತಲು ತಂದಿದ್ದ ಬೆಡ್‌ಶೀಟು ಬಿಡಿಸತೊಡಗಿದಳು.

ವಾಲ್ವ್ ಸಿಗಲಿಲ್ಲ. ‘ಸಿಂಕು ಕೊನೆಗೆ ನೋಡ್ಕೊಳ್ಳೋಣ’ ಎಂದು ಬಡಗಿ ಮೇಲಿನಿಂದ ಶುರು ಮಾಡಿದ. ಚಿಮ್ನಿ ಇಳಿಯಿತು. ಒಂದೊಂದಾಗಿ ಐದು ಕಪಾಟು ಇಳಿದವು. ಅವುಗಳಿಗೆ ಗೀರು ಬೀಳದಂತೆ ಹಳೆಯ ಬೆಡ್‌ಶೀಟು ಸುತ್ತುವುದು ಚಿಕ್ಕಮ್ಮನ ಕೆಲಸ. ಐದನೆಯ ಕಪಾಟಿನ ಬಾಗಿಲು ತೆರೆದಾಗ ಒಳಮೈಗೆ ಅಂಟಿಸಿದ ಒಂದು ಕಾಗದ ಕಂಡಿತು. ದುಂಡನೆಯ ಹೆಂಗಸಿನ ಅಕ್ಷರ.

‘ಬಾಡಿಗೆಗೆ ಬಂದವರಿಗೆ: ನೀರಿನ ವಾಲ್ವ್ ಹಿತ್ತಲಲ್ಲಿ, ತೊಟ್ಟಿಯ ಹಿಂದೆ ಇದೆ. ಸಿಂಕಿಗೆ ಬಿಸಿ ಎಣ್ಣೆ ಸುರಿಯಬೇಡಿ. ಈ ಬಾಗಿಲು ಉಜ್ಜುತ್ತದೆ, ಮೆಲ್ಲಗೆ ಹಾಕಿ. ನನ್ನ ಮೊದಲ ಸ್ವಂತ ಅಡುಗೆಮನೆ, ನಿಮ್ಮದೆಂದೇ ನೋಡಿಕೊಳ್ಳಿ. ಏನಿದ್ದರೂ ಫೋನ್ ಮಾಡಿ.’ ಕೆಳಗೆ ಒಂದು ನಂಬರು.

ಅವಳು ಎರಡು ಸಲ ಓದಿದಳು. ಕಾಗದ ಬಿಡಿಸಿಕೊಂಡು ಎದ್ದು ಬೀದಿ ಬಾಗಿಲಿಗೆ ಹೋದಳು. ಚಿಲಕ ತೆಗೆದೇ ಇತ್ತು. ಎಳೆದಳು, ಬರಲಿಲ್ಲ. ಎರಡೂ ಕೈಯಲ್ಲಿ ಎಳೆದಳು. ಹೊರಗಡೆ ಬೀಗವೊಂದು ಬಾಗಿಲಿಗೆ ಬಡಿದು ಟಣ್ ಎಂದಿತು.

ಹಿತ್ತಲ ಬಾಗಿಲಿಗೂ ಹಾಗೆಯೇ. ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು.

‘ರೀ’ ಎಂದಳು. ‘ರೀ, ಅವ್ನು ಹೊರಗಿಂದ ಬೀಗ ಹಾಕ್ಕೊಂಡು ಹೋಗಿದಾನೆ.’

‘ಅಭ್ಯಾಸ ಬಲ ಕಣೇ. ಚಹಾ ತರೋಕೆ ಹೋಗಿದಾನೆ, ಬರ್ತಾನೆ’ ಎಂದು ಚಿಕ್ಕಪ್ಪ ಫೋನ್ ಹಚ್ಚಿದ. ಸ್ವಿಚ್ ಆಫ್. ಇನ್ನೊಮ್ಮೆ ಹಚ್ಚಿದ. ಅವಳು ಕಾಗದವನ್ನು ಅವನ ಮುಂದೆ ಹಿಡಿದಳು. ಓದುತ್ತ ಓದುತ್ತ ಅವನ ಮುಖದ ಬಣ್ಣ ಇಳಿಯಿತು. ಮದುವೆಯಾಗಿ ಹದಿನಾರು ವರ್ಷದಲ್ಲಿ ಗಂಡ ಹೆದರಿದ್ದನ್ನು ಅವಳು ನೋಡಿದ್ದು ಅದೇ ಮೊದಲು. ತನ್ನ ಹೆದರಿಕೆಗಿಂತ ಅದು ಅವಳನ್ನು ಹೆಚ್ಚು ಹೆದರಿಸಿತು.

ಬಡಗಿ ಡ್ರಿಲ್ಲನ್ನು ಕೆಳಗಿಟ್ಟು ಗೋಡೆಗೆ ಒರಗಿ ಕುಸಿದು ಕೂತ. ‘ಅಕ್ಕಾ, ನಾನು ಒಂದ್ಸಲ ಸ್ಟೇಷನ್ ನೋಡಿದೀನಿ’ ಎಂದ. ‘ಯಾರೋ ಹಳೇ ಬಾಗಿಲು ತಂದುಕೊಟ್ರು, ರಿಪೇರಿ ಮಾಡ್ಕೊಟ್ಟೆ. ಕದ್ದ ಬಾಗಿಲಂತೆ. ಎರಡು ದಿನ ಕೂರಿಸಿದ್ರು. ನನ್ನ ಹೆಂಡ್ತಿ ಇವತ್ತಿಗೂ ಹೊಸಬರ ಕೆಲಸ ಹಿಡಿಯೋಕೆ ಬಿಡಲ್ಲ. ಇನ್ನೊಂದ್ಸಲ ಅಂದ್ರೆ ನಾನು ಸತ್ತೆ ಅಂತಲೇ.’

ಮೂವರೂ ಬೋನಿಗೆ ಬಿದ್ದ ಇಲಿ ತಂತಿಯ ನಾಲ್ಕು ಮೂಲೆ ನೋಡುವಂತೆ ನೋಡುತ್ತಿದ್ದರು. ಆಮೇಲೆ ಬಡಗಿ ತನ್ನ ಚೀಲದಿಂದ ಕಬ್ಬಿಣ ಕೊಯ್ಯುವ ಗರಗಸ ತೆಗೆದ.

‘ಹಿಂದಿನ ಕಿಟಕಿ ಸರಳು ಎರಡು ಕೊಯ್ದ್ರೆ ಸಾಕು. ಹತ್ತು ನಿಮಿಷ. ಹಾರಿ ಹೋಗ್ಬಿಡೋಣ.’

‘ಹೌದು’ ಎಂದ ಚಿಕ್ಕಪ್ಪ. ‘ದುಡ್ಡು ಹೋದ್ರೆ ಹೋಗ್ಲಿ. ಮಾನ ಉಳಿದ್ರೆ ಸಾಕು.’

‘ಹಾರೋದನ್ನ ಯಾರಾದ್ರೂ ನೋಡಿದ್ರೆ?’ ಎಂದಳು ಚಿಕ್ಕಮ್ಮ. ‘ಆಗ ಏನು ಹೇಳಿದ್ರೂ ಯಾರು ನಂಬ್ತಾರೆ? ಇಲ್ಲಿವರೆಗೆ ನಾವು ಮೋಸ ಹೋದವರು. ಸರಳು ಕೊಯ್ದ ಮೇಲೆ ಕಳ್ಳರು.’

ಅಷ್ಟರಲ್ಲಿ ಬಾಗಿಲ ಗಂಟೆ ಬಡಿಯಿತು.

ಚಿಕ್ಕಪ್ಪ ತುಟಿಯ ಮೇಲೆ ಬೆರಳಿಟ್ಟ. ‘ಯಾರ್ರೀ ಒಳಗೆ?’ ಎಂದು ಒಬ್ಬ ಮುದುಕರ ದನಿ ಕೇಳಿತು. ‘ಬೀಗ ಹಾಕಿದೆ, ಒಳಗಡೆ ಡ್ರಿಲ್ ಸದ್ದು ಬರ್ತಿತ್ತು. ಯಾರಿದೀರಿ?’ ಹೆಜ್ಜೆ ಸಪ್ಪಳ ಮನೆಯ ಪಕ್ಕದ ಓಣಿಗೆ ಬಂತು. ಕಿಟಕಿಯ ಮಂಜುಗಾಜಿನ ಮೇಲೆ ಒಂದು ತಲೆಯ ನೆರಳು ಬಿದ್ದು ನಿಂತಿತು. ಚಿಕ್ಕಮ್ಮ ಸಿಂಕಿನ ಪಕ್ಕ ಮೊಣಕಾಲಿಗೆ ಮುಖ ಹಚ್ಚಿ ಕೂತಿದ್ದಳು. ಆ ನೆರಳು ಬಗ್ಗಿತು, ಎದ್ದಿತು, ಆಮೇಲೆ ಇಲ್ಲವಾಯಿತು. ‘ಪೊಲೀಸಿಗೆ ಫೋನ್ ಮಾಡ್ತೀನಿ’ ಎಂಬ ಕೂಗು ಬೀದಿಯ ಕಡೆಯಿಂದ ಕೇಳಿತು.

ಚಿಕ್ಕಮ್ಮ ಮೊಬೈಲು ತೆಗೆದಳು.

‘ಯಾರಿಗೆ?’ ಎಂದ ಚಿಕ್ಕಪ್ಪ ಪಿಸುಮಾತಿನಲ್ಲಿ.

‘ಈ ಕಾಗದದವರಿಗೆ.’

‘ಹುಚ್ಚು ಹಿಡೀತಾ? ಕೊಡು ಇಲ್ಲಿ.’ ಅವನು ಫೋನಿಗೆ ಕೈ ಹಾಕಿದ. ಅವಳು ಬಿಡಲಿಲ್ಲ. ಹದಿನಾರು ವರ್ಷದಲ್ಲಿ ಅವನ ಕೈಯಿಂದ ಏನನ್ನೂ ಕಿತ್ತುಕೊಳ್ಳದವಳು ಅಂದು ಕಿತ್ತುಕೊಂಡಳು.

‘ಬೇರೆಯವ್ರು ಹೇಳೋಕಿಂತ ಮುಂಚೆ ನಾವೇ ಹೇಳ್ಬೇಕು ರೀ. ನನಗೂ ಹೆದರಿಕೆ ಆಗ್ತಿದೆ. ಆದ್ರೂ ಮಾಡ್ಬೇಕು.’

ನಂಬರು ಒತ್ತುವಾಗ ಬೆರಳು ಎರಡು ಸಲ ತಪ್ಪಿತು. ಮೂರನೆಯ ಸಲ ಗಂಟೆ ಹೋಯಿತು. ಹೆಣ್ಣು ದನಿಯೊಂದು ‘ಹಲೋ’ ಎಂದಿತು.

‘ಅಮ್ಮಾ’ ಎಂದಳು ಚಿಕ್ಕಮ್ಮ. ‘ಅಮ್ಮಾ, ನಾನು ನಿಮ್ಮ ಅಡುಗೆಮನೆಯಿಂದ ಮಾತಾಡ್ತಿದೀನಿ.’

‘ಯಾರು? ಯಾವ ಅಡುಗೆಮನೆ?’

‘ಹಸಿರು ಬಾಗಿಲಿನದು. ನಿಮ್ಮ ಬಾಡಿಗೆಯವನು ಇದನ್ನ ನಮಗೆ ಮಾರಿದಾನೆ. ತನ್ನದೇ ಅಂದ. ನಾವು ಬಿಚ್ತಾ ಇದ್ವಿ, ಬೀಗ ಹಾಕ್ಕೊಂಡು ಓಡಿಹೋಗಿದಾನೆ. ನಾವು ಒಳಗಿದೀವಿ.’

ಆ ಕಡೆ ಒಂದು ಕಿರುಚು, ಆಮೇಲೆ ಫೋನ್ ಕಟ್. ಚಿಕ್ಕಪ್ಪ ತಲೆಯ ಮೇಲೆ ಕೈ ಹೊತ್ತ. ಚಿಕ್ಕಮ್ಮ ಮತ್ತೆ ಹಚ್ಚಿದಳು. ಈ ಸಲ ಅವಳು ಬೇರೇನೂ ಹೇಳದೆ ಕಾಗದವನ್ನು ಓದಿದಳು: ವಾಲ್ವು, ಬಿಸಿ ಎಣ್ಣೆ, ಉಜ್ಜುವ ಬಾಗಿಲು. ‘ನನ್ನ ಮೊದಲ ಸ್ವಂತ ಅಡುಗೆಮನೆ’ ಎಂಬಲ್ಲಿಗೆ ಬಂದಾಗ ಆ ಕಡೆಯವರು ಅಳತೊಡಗಿದರು.

ಆಕೆ ನರ್ಸು. ಒಂದೂವರೆ ಗಂಟೆ ದಾರಿಯ ಇನ್ನೊಂದು ಊರಿನ ಆಸ್ಪತ್ರೆಗೆ ವರ್ಗವಾಗಿ, ಮೂರು ತಿಂಗಳ ಹಿಂದೆ ಸಾಮಾನು ಸಮೇತ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರು.

‘ಬರ್ತೀನಿ’ ಎಂದರು ನರ್ಸಮ್ಮ. ‘ಪೊಲೀಸರಿಗೂ ಹೇಳ್ತೀನಿ. ನೀವು ಅಲ್ಲೇ ಇರ್ತೀರಾ?’

‘ಇರ್ತೀವಮ್ಮ. ಹೋಗೋಕೂ ಆಗಲ್ಲ’ ಎಂದಳು ಚಿಕ್ಕಮ್ಮ. ಅದು ನಗುವ ಮಾತು ಎಂದು ಅವಳಿಗೆ ಆಗ ಹೊಳೆಯಲಿಲ್ಲ.

ಫೋನ್ ಇಟ್ಟು ಅವಳು ನೆಲದ ಮೇಲಿದ್ದ ಕಪಾಟುಗಳನ್ನು ನೋಡಿದಳು. ಗೋಡೆಯಲ್ಲಿ ತೂತುಗಳು, ಕೆಳಗೆಲ್ಲ ಗಾರೆಯ ಪುಡಿ. ಯಾರದೋ ಮೊದಲ ಸ್ವಂತ ಅಡುಗೆಮನೆ ಅದು.

‘ಅಣ್ಣಾ’ ಎಂದಳು ಬಡಗಿಗೆ. ‘ಇದನ್ನೆಲ್ಲ ವಾಪಸ್ ಕೂಡಿಸೋಣ.’

‘ಈಗಲಾ? ನನ್ನ ಕೈ ನೋಡಿ ಅಕ್ಕ.’ ಬಡಗಿ ಕೈ ಚಾಚಿದ. ಎಲೆಯಂತೆ ಅಲ್ಲಾಡುತ್ತಿತ್ತು.

‘ನನ್ನ ಕೈ ದಿನಾ ಹಾಗೇ ಇರುತ್ತೆ. ಅದ್ರಲ್ಲೇ ಕನ್ನಡಕ ಮಾಡ್ತೀನಿ. ಏಳಿ.’

ಬಡಗಿ ಎದ್ದ. ಹಳೆಯ ತೂತುಗಳು ದೊಡ್ಡದಾಗಿ ಸ್ಕ್ರೂ ಹಿಡಿಯುತ್ತಿರಲಿಲ್ಲ. ಚಿಕ್ಕಮ್ಮ ಬಡಗಿಯ ಜೇಬಿನ ಬೆಂಕಿಪೊಟ್ಟಣ ತೆಗೆದು ಕಡ್ಡಿಗಳನ್ನು ಮುರಿದು ತೂತಿಗೆ ತುಂಬಿದಳು. ಆಗ ಸ್ಕ್ರೂ ಬಿಗಿಯಾಗಿ ಕೂತಿತು. ಚಿಕ್ಕಪ್ಪ ಹೆಗಲು ಕೊಟ್ಟು ಕಪಾಟು ಎತ್ತಿ ಹಿಡಿದ. ಅವಳು ಟೇಪು ಹಿಡಿದು ‘ಎಡಕ್ಕೆ ಒಂದು ಕೂದಲು’, ‘ಇನ್ನೊಂದು ಕೂದಲು ಮೇಲೆ’ ಎನ್ನುತ್ತಿದ್ದಳು. ಕೆಲಸದಲ್ಲಿ ಇರುವಷ್ಟು ಹೊತ್ತು ಹೆದರಿಕೆ ಪಕ್ಕದ ಕೋಣೆಯಲ್ಲಿ ಕಾಯುತ್ತಿತ್ತು.

ಎರಡನೆಯ ಕಪಾಟು ಏರುವಾಗ ಬೀದಿಯಲ್ಲಿ ಜನ ಸೇರಿದ ಸದ್ದು ಕೇಳಿತು. ಮೊದಲು ಐದಾರು ದನಿ, ಆಮೇಲೆ ಎಣಿಸಲಾರದಷ್ಟು. ‘ಒಳಗೇ ಇದಾರೆ, ಮೂರ್ನಾಲ್ಕು ಜನ ಇದಾರೆ’ ಎಂದು ಯಾರೋ ಹೇಳುತ್ತಿದ್ದರು. ಗೇಟು ಅಲ್ಲಾಡಿತು. ಬಾಗಿಲಿಗೆ ಏನೋ ಗಟ್ಟಿಯದು ಬಂದು ಬಡಿಯಿತು. ‘ಹೊರಗೆ ಬರ್ಲಿ, ಕೈಕಾಲು ಮುರಿಯೋಣ!’ ಎಂಬ ಒಂದು ಎಳೆಯ ದನಿಗೆ ಹತ್ತು ದನಿಗಳು ಹೂಂಗುಟ್ಟಿದವು. ಬಡಗಿ ಕಣ್ಣು ಮುಚ್ಚಿಕೊಂಡು ಏನೋ ಗೊಣಗುತ್ತಿದ್ದ. ಚಿಕ್ಕಪ್ಪನ ತೋಳು ನಡುಗಿ ಕಪಾಟು ಅಲುಗಾಡಿತು.

ಪೊಲೀಸರು ಸರಳುಗಳ ಆಚೆಯೇ ನಿಂತು ಕೇಳಿಯಾರು, ಜನ ಕೇಳುವುದಿಲ್ಲ. ಚಿಕ್ಕಮ್ಮನಿಗೆ ಅದು ಚೆನ್ನಾಗಿ ಗೊತ್ತಿತ್ತು. ಇಂಥ ದಿನವನ್ನು ಅವಳು ಮನಸ್ಸಿನಲ್ಲಿ ಎಷ್ಟೋ ಸಲ ಕಂಡಿದ್ದಳು. ಊರಿನವರೆಲ್ಲ ನಿದ್ದೆಯಲ್ಲಿ ಕಾಣುವುದನ್ನು ಅವಳು ಎಚ್ಚರದಲ್ಲೇ ಕಾಣುವವಳು. ಅವಿತು ಕೂತರೆ ಹೊರಗಿನವರ ಕಣ್ಣಿಗೆ ನಮಗೆ ಮುಖವೇ ಇರುವುದಿಲ್ಲ, ಮುಖ ಇಲ್ಲದವರನ್ನು ಹೊಡೆಯುವುದು ಸುಲಭ, ಎಂದು ಆಮೇಲೆ ಒಮ್ಮೆ ನನಗೆ ಹೇಳಿದ್ದಳು. ಸೆರಗಿನಿಂದ ಮುಖದ ಧೂಳು ಒರೆಸಿಕೊಂಡು ನಡುಮನೆಯ ಕಿಟಕಿಗೆ ಹೋಗಿ ಎರಡೂ ಬಾಗಿಲು ತೆರೆದಳು.

ಗದ್ದಲ ಒಮ್ಮೆಲೇ ನಿಂತಿತು. ಕೋಲು ಹಿಡಿದವರು, ಮೊಬೈಲು ಹಿಡಿದವರು, ಮಗುವನ್ನು ಸೊಂಟದಲ್ಲಿಟ್ಟುಕೊಂಡ ಒಬ್ಬ ಹೆಂಗಸು. ಅವರು ಕಾದಿದ್ದದ್ದು ಕಳ್ಳರ ಮುಖಕ್ಕೆ. ಕಂಡದ್ದು ನಲವತ್ತು ದಾಟಿದ, ಮೂಗಿನ ಮೇಲೆ ಕನ್ನಡಕ ಇರುವ, ತಲೆಗೂದಲಲ್ಲಿ ಗಾರೆಪುಡಿ ಮೆತ್ತಿದ ಹೆಂಗಸು.

‘ನಾವು ಮೂರು ಜನ ಇದೀವಿ’ ಎಂದಳು. ಹಲ್ಲು ಕಟಕಟ ಅನ್ನುತ್ತಿದ್ದವು. ‘ನಾನು, ನಮ್ಮ ಮನೆಯವರು, ಬಡಗಿ. ದುಡ್ಡು ಕೊಟ್ಟು ಮೋಸ ಹೋದ್ವಿ. ಈ ಮನೆ ಓನರಮ್ಮನಿಗೆ ನಾನೇ ಫೋನ್ ಮಾಡಿದೀನಿ, ಬರ್ತಿದಾರೆ. ನಂಬದಿದ್ರೆ ನೀವೂ ಮಾಡಿ, ನಂಬರ್ ಹೇಳ್ತೀನಿ.’

ಬಾಗಿಲ ಗಂಟೆ ಬಾರಿಸಿದ್ದ ಮುದುಕರು ಮುಂದೆ ಬಂದರು. ‘ನರ್ಸಮ್ಮನ ನಂಬರು ನನ್ಹತ್ರಾನೂ ಇದೆ’ ಎಂದು ಅನುಮಾನದಿಂದಲೇ ಫೋನ್ ಹಚ್ಚಿದರು. ಮಾತಾಡುತ್ತ ಮಾತಾಡುತ್ತ ಅವರ ಹೆಗಲು ಇಳಿಯಿತು. ಕೋಲು ಹಿಡಿದವರಲ್ಲಿ ಇಬ್ಬರು ಮನೆಗೆ ಹೋದರು. ಉಳಿದವರು ಏನಾಗುತ್ತದೋ ನೋಡೋಣವೆಂದು ಅಲ್ಲೇ ಕೂತರು. ಇದೇ ಹೊತ್ತಿಗೆ ಟೆಂಪೋದವನು ಬಂದ. ಜನ ಸೇರಿದ್ದನ್ನು ಕಂಡು, ಗಾಡಿ ನಿಲ್ಲಿಸದೆಯೇ ತಿರುಗಿಸಿಕೊಂಡು ಹೋದ.

ಪೊಲೀಸ್ ಪೇದೆಯೊಬ್ಬ ಬಂದು ಕಿಟಕಿಯ ಮುಂದೆ ನಿಂತ. ‘ಕೈ ಕಾಣೋ ಹಾಗೆ ಸರಳು ಹಿಡ್ಕೊಂಡು ನಿಂತ್ಕೊಳ್ಳಿ’ ಎಂದ. ಚಿಕ್ಕಮ್ಮ ನಿಂತಳು. ಒಳಗಡೆ ಡ್ರಿಲ್ಲು ಗುಂಯ್‌ಗುಡುತ್ತಿತ್ತು.

‘ಏನ್ರೀ ಅದು ಸದ್ದು?’

‘ಕಪಾಟು ವಾಪಸ್ ಹಾಕ್ತಿದಾರೆ ಸಾರ್.’

ಪೇದೆ ಟೋಪಿ ತೆಗೆದು ತಲೆ ಕೆರೆದುಕೊಂಡ. ‘ಇಪ್ಪತ್ತು ವರ್ಷ ಸರ್ವಿಸ್ ಆಯ್ತು. ತಗೊಂಡು ಹೋಗೋರನ್ನ ನೋಡಿದೀನಿ. ವಾಪಸ್ ಹಾಕೋರನ್ನ ನೋಡಿರ್ಲಿಲ್ಲ.’

ಅವಳು ಟೇಪಿನ ಫೋಟೋ ತೋರಿಸಿದಳು. ಪೇದೆ ಅದನ್ನು ಹಿಗ್ಗಿಸಿ ನೋಡಿದ, ತನ್ನ ಫೋನಿಗೆ ಕಳಿಸಿಕೊಂಡ. ಫೋಟೋದಲ್ಲಿದ್ದವನೇ ಹಿಂದಿನ ತಿಂಗಳು ಇನ್ನೊಂದು ಬಡಾವಣೆಯಲ್ಲಿ ಬಾಡಿಗೆಮನೆಯ ಸೋಫಾ, ಮಂಚ ಮಾರಿದ್ದನಂತೆ. ಕೊಳ್ಳಲು ಬಂದವರನ್ನು ಒಳಗೆ ಕೂಡಿ ಹಾಕಿದರೆ ಓಡಲು ನಾಲ್ಕು ಗಂಟೆ ಸಿಗುತ್ತದೆ, ಸಿಕ್ಕಿಬಿದ್ದವರು ಮೊದಲು ತಮ್ಮ ಮೈ ಉಳಿಸಿಕೊಳ್ಳಲು ನೋಡುತ್ತಾರೆ, ತನ್ನನ್ನು ಹುಡುಕುವುದಿಲ್ಲ, ಇದು ಅವನ ಲೆಕ್ಕಾಚಾರ.

ನರ್ಸಮ್ಮ ಬಂದಾಗ ಮೂರು ಗಂಟೆ. ಡ್ಯೂಟಿಯ ಬಟ್ಟೆಯಲ್ಲೇ ಬಂದಿದ್ದರು. ಅವರ ಬೀಗದ ಕೈ ಹೊಸ ಬೀಗಕ್ಕೆ ಹತ್ತಲಿಲ್ಲ, ಒಡೆಯಬೇಕಾಯಿತು. ಬಾಗಿಲು ತೆರೆದದ್ದೇ ನರ್ಸಮ್ಮ ಯಾರನ್ನೂ ನೋಡದೆ ನೇರ ಅಡುಗೆಮನೆಗೆ ಹೋದರು. ಐದೂ ಕಪಾಟು, ಚಿಮ್ನಿ, ಎಲ್ಲ ಇದ್ದಲ್ಲೇ ಇದ್ದವು, ನೆಲ ಒರೆಸಿತ್ತು. ಒಂದು ಡ್ರಾಯರು ಎಳೆದು ಮುಚ್ಚಿದರು. ಆಮೇಲೆ ಕಾಗದ ಅಂಟಿಸಿದ್ದ ಬಾಗಿಲನ್ನು ತೆರೆದರು, ಹಾಕಿದರು. ಮತ್ತೆ ತೆರೆದರು, ಹಾಕಿದರು.

‘ಇದು ಉಜ್ತಿತ್ತು’ ಎಂದರು. ‘ಈಗ ಉಜ್ತಿಲ್ಲ.’

ಚಿಕ್ಕಮ್ಮ ‘ಒಂದು ಕೂದಲೆಳೆ ವ್ಯತ್ಯಾಸ ಇತ್ತು’ ಎಂದಳು.

ಮಲಗುವ ಕೋಣೆಯ ಬೀಗ ತೆಗೆದಾಗ ಒಳಗಡೆ ಏನೂ ಇರಲಿಲ್ಲ. ಮಂಚ, ಬೀರು, ಹೊಲಿಗೆ ಯಂತ್ರ, ಗೋಡೆಯ ಫ್ಯಾನು ಸಹ ಹೋಗಿತ್ತು. ನರ್ಸಮ್ಮ ಬರಿ ನೆಲದ ಮೇಲೆ ಕೂತುಬಿಟ್ಟರು. ಚಿಕ್ಕಮ್ಮ ಹೋಗಿ ಪಕ್ಕದಲ್ಲಿ ಕೂತಳು. ಇಬ್ಬರೂ ಒಂದೇ ದಿನ ಒಬ್ಬನಿಂದಲೇ ಮೋಸಹೋದವರು. ಅದಕ್ಕಿಂತ ಹೆಚ್ಚಿನ ಪರಿಚಯ ಬೇಕಾಗಲಿಲ್ಲ.

ಸ್ಟೇಷನ್ನಿನಲ್ಲಿ ಹೇಳಿಕೆ ಬರೆಸುವವರೆಗೂ ನರ್ಸಮ್ಮ ಜೊತೆಗಿದ್ದರು. ಬಡಗಿಯನ್ನು ಪ್ರತ್ಯೇಕವಾಗಿ ಕರೆದಾಗ ಅವನು ಚಿಕ್ಕಮ್ಮನ ಮುಖ ನೋಡಿದ ನೋಟ ಹೇಗಿತ್ತೆಂದರೆ, ಅವಳು ‘ನಾನೂ ಬರ್ತೀನಿ ಸಾರ್, ಅವ್ರನ್ನ ಕರ್ಕೊಂಡು ಬಂದವಳು ನಾನು’ ಎಂದು ಎದ್ದು ನಿಂತಳು. ಹತ್ತು ನಿಮಿಷದಲ್ಲಿ ಬಿಟ್ಟರು. ಬಿಳಿ ಶರಟಿನವನು ಮೂರು ತಿಂಗಳ ನಂತರ ಬೇರೆ ಊರಿನಲ್ಲಿ, ಬೇರೆ ಶರಟಿನಲ್ಲಿ ಸಿಕ್ಕ. ಹಣ ಸಿಗಲಿಲ್ಲ.

ಆ ರಾತ್ರಿಯಿಂದ ಚಿಕ್ಕಮ್ಮನಿಗೆ ಜ್ವರ. ನಾಲ್ಕು ದಿನ ಅಂಗಡಿಗೆ ಹೋಗಲಿಲ್ಲ. ಚಿಕ್ಕಪ್ಪ ಪಕ್ಕದಲ್ಲಿ ಕೂತು ಗಂಜಿ ಕುಡಿಸುತ್ತ ಏನೋ ಹೇಳಲು ಹೋಗಿ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಅವಳೇ ಕೇಳಿದಳು, ‘ಏನ್ರೀ?’

‘ಏನೂ ಆಗಲ್ಲ ಅನ್ನೋಕೆ ಹೊರಟೆ’ ಎಂದ. ‘ಹೇಳೋ ಯೋಗ್ಯತೆ ನನಗಿಲ್ಲ ಅನ್ನಿಸ್ತು.’

ಎಂಟು ತಿಂಗಳು ಅವರು ನಡುಮನೆಯ ಸ್ಟೂಲಿನ ಮೇಲೆಯೇ ಅಡುಗೆ ಮಾಡಿದರು. ಮತ್ತೆ ಕೈಯಲ್ಲಿ ಸ್ವಲ್ಪ ಹಣ ಸೇರಿದ ಮೇಲೆ ಒಂದು ಶೋರೂಮಿನಲ್ಲಿ ಪ್ರದರ್ಶನಕ್ಕಿಟ್ಟ ಅಡುಗೆಮನೆಯೊಂದನ್ನು ಕಡಿಮೆಗೆ ಬಿಡುತ್ತಿದ್ದಾರೆಂದು ಸುದ್ದಿ ಬಂತು. ಯಾರೂ ಅಡುಗೆ ಮಾಡದ ಅಡುಗೆಮನೆ. ಒಂದು ಬಾಗಿಲಿಗೆ ಬೆಲೆಯ ಚೀಟಿ ಕಿತ್ತ ಕಲೆ, ನಲ್ಲಿ ಮಾತ್ರ ಉಂಟು, ಅದಕ್ಕೆ ನೀರಿನ ಸಂಪರ್ಕ ಎಂದೂ ಇರಲಿಲ್ಲ. ಚಿಕ್ಕಮ್ಮ ಮೂರು ಸಲ ಹೋದಳು, ಮೂರು ಸಲವೂ ಒಳಗೆ ಹೋಗದೆ ಬಾಗಿಲಿನಿಂದಲೇ ವಾಪಸಾದಳು. ನಾಲ್ಕನೆಯ ಸಲ ರಜೆ ಹಾಕಿ ನರ್ಸಮ್ಮನೇ ಜೊತೆಗೆ ಬಂದರು. ಕೈ ಹಿಡಿದುಕೊಂಡು ಒಳಗೆ ಕರೆದೊಯ್ದರು. ಅಂಗಡಿಯವನ ಬಿಲ್ಲು, ಮಳಿಗೆಯ ಪರವಾನಗಿ, ಕೊನೆಗೆ ಅವನ ಗುರುತಿನ ಚೀಟಿಯನ್ನೂ ಕೇಳಿ ನೋಡಿದರು.

‘ಅಡುಗೆಮನೆ ತಗೋತಿದೀರೋ, ಹೆಣ್ಣು ಕೊಡ್ತಿದೀರೋ?’ ಎಂದ ಅಂಗಡಿಯವನು.

‘ಹೆಣ್ಣಾಗಿದ್ರೆ ಇಷ್ಟು ಕೇಳ್ತಿರ್ಲಿಲ್ಲ’ ಎಂದರು ನರ್ಸಮ್ಮ.

ಕೂಡಿಸಿದವನು ಅದೇ ಬಡಗಿ. ಅವನ ಹೆಂಡತಿಯೂ ಜೊತೆಗೆ ಬಂದು, ಕೆಲಸ ಮುಗಿಯುವವರೆಗೆ ಜಗಲಿಯ ಮೇಲೆ ಕಾವಲು ಕೂತಿದ್ದಳು.

ಆ ಅಡುಗೆಮನೆಯನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಚೊಕ್ಕವಾಗಿದೆ. ಆದರೆ ಒಳಗಡೆ ಒಲೆ ಹೊತ್ತಿಸುವ ಮೊದಲು ಚಿಕ್ಕಮ್ಮ ಬೀದಿ ಬಾಗಿಲನ್ನು ಪೂರ್ತಿ ತೆರೆದು, ಅದು ಮುಚ್ಚದಂತೆ ಒಂದು ಕಲ್ಲು ಇಡುತ್ತಾಳೆ. ಬಾಗಿಲು ಹಾಕಿದರೆ ಉಸಿರು ಕಟ್ಟುತ್ತದೆಯಂತೆ. ಚಳಿಗಾಲದಲ್ಲೂ ಹಾಗೆಯೇ, ಚಿಕ್ಕಪ್ಪ ಕಂಬಳಿ ಹೊದ್ದು ಊಟಕ್ಕೆ ಕೂರುತ್ತಾನೆ. ಬೀದಿಯ ಬೆಕ್ಕೊಂದಕ್ಕೆ ಇದು ಗೊತ್ತಾಗಿಬಿಟ್ಟಿದೆ. ವಾರಕ್ಕೆ ಎರಡು ಸಲವಾದರೂ ಬಂದು ಹಾಲಿನ ಪಾತ್ರೆಗೆ ಬಾಯಿ ಹಾಕಿ ಹೋಗುತ್ತದೆ. ಅವಳು ಅದನ್ನು ಅಟ್ಟುವುದಿಲ್ಲ.